ಬಾರದೆ ಹೋದ ಮಂಡಿನೋವಿನ ಮದ್ದು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಈಗ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಇಲಿಯ ಉಚ್ಚೆ ಪರೀಕ್ಷೆ. ಮೊದಲೆಲ್ಲ ಹಾಗೆ ಹೇಳುತ್ತಿರಲಿಲ್ಲ. ಎಂಎಸ್ಸಿ ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕುಂದಾಪುರದಿಂದ ನಮ್ಮೂರು ಹೆಮ್ಮಾಡಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವರು ಕೇಳಿದರೆ, ಹೊಸ ಔಷಧ ಮೈಯೊಳಗೆ ಹೋದಾಗ ಏನೇನು ಬದಲಾಗುತ್ತದೆ ಎಂದು ಶುರು ಮಾಡುತ್ತಿದ್ದೆ. ತಲ್ಲೂರು ದಾಟುವುದರೊಳಗೆ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಇಲಿಯ ಉಚ್ಚೆ ಎಂದರೆ ಕನಿಷ್ಠ ನಗುತ್ತಾರೆ. ನಕ್ಕ ಮೇಲೆ ಸ್ವಲ್ಪ ಆಚೆ ಸರಿದು ಕೂರುತ್ತಾರೆ, ಅದು ಬೇರೆ ಮಾತು.

ಒಮ್ಮೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಅಮ್ಮನ ಹತ್ತಿರ ಕೇಳಿದರು, "ಲ್ಯಾಬ್ ಅಂದ್ರೆ ರಕ್ತ ಪರೀಕ್ಷೆದಾ?" ಅಮ್ಮ ಹೆಮ್ಮೆಯಿಂದ, "ಅಲ್ಲ, ಅದ್ ಎಲ್ಲಾರೂ ಮಾಡ್ತ್ರ್. ಇದ್ ಇಲಿದ್" ಅಂದಳು. ಚಾ ಕುಡಿದು ಹೋದವರು ಮತ್ತೆ ಫೋನ್ ಮಾಡಲಿಲ್ಲ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಹತ್ತನೇ ತರಗತಿ ದಾಟಿದವರಲ್ಲೂ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ. ಅಮ್ಮ ಕುಂದಾಪುರದ ಗೇರುಬೀಜದ ಕಾರ್ಖಾನೆಯಲ್ಲಿ ನೆಲಕ್ಕೆ ಕೂತು ಬೀಜದ ಸಿಪ್ಪೆ ತೆಗೆದು ನನ್ನನ್ನು ಓದಿಸಿದ್ದು. ನಾನು ಹಾಸ್ಟೆಲಿನಲ್ಲಿ ಕೂತು ಓದಿದಷ್ಟೂ ವರ್ಷ ಅವಳು ಅಲ್ಲಿ ಕಾಲು ಮಡಚಿ ಕೂತಿದ್ದಾಳೆ. ನನಗೆ ಡಿಗ್ರಿ ಬಂತು, ಅವಳಿಗೆ ಮಂಡಿನೋವು ಬಂತು.

ಘಟಿಕೋತ್ಸವದ ಗೌನು ತೊಟ್ಟ ನನ್ನ ಫೋಟೋವನ್ನು ಅವಳು ದೇವರ ಪಟದ ಪಕ್ಕದಲ್ಲೇ ತೂಗುಹಾಕಿದಳು. ಹೆಮ್ಮಾಡಿಯಲ್ಲಿ ಸೇವಂತಿಗೆ ಕೊಯ್ಯುವ ಕಾಲಕ್ಕೆ ರಜೆ ಹಾಕಿ ಹೋದಾಗ ನೋಡುತ್ತೇನೆ, ದೇವರಿಗೊಂದು ಮಾಲೆ, ನನಗೊಂದು ಮಾಲೆ!

"ಅಮ್ಮಾ, ಹೀಂಗ್ ಹಾಕೂದ್ ಸತ್ತವ್ರಿಗೆ ಅಲ್ದಾ?"

"ಥತ್! ಚಂದ ಕಾಂತ್ ಅಂದ್ಹೇಳಿ ಹಾಕ್ದೆ. ನಿಂಗ್ ಎಲ್ಲದ್ರಗೂ ಒಂದ್ ತಪ್ಪ್ ಕಾಣ್ಕ್."

ಮಾಲೆ ತೆಗೆದು ಚೌಕಟ್ಟಿನ ಮೂಲೆಗೆ ಒಂದೇ ಒಂದು ಹೂ ಸಿಕ್ಕಿಸಿದಳು. ನಾನು ಬ್ರಹ್ಮಾವರದ ಬಾಡಿಗೆ ಕೋಣೆಗೆ ವಾಪಸ್ಸು ಬಂದೆ. ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು ಎಂದು ಅವಳಿಗೆ ಹೇಗೆ ಹೇಳುವುದು?

ನಮ್ಮ ಲ್ಯಾಬ್ ಇರುವುದು ಬ್ರಹ್ಮಾವರದ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಮೊದಲು ಹೆಂಚಿನ ಗೋದಾಮಾಗಿದ್ದ ಕಟ್ಟಡದಲ್ಲಿ. ದೊಡ್ಡ ಶಹರದ ಔಷಧ ಕಂಪನಿಗಳು ಹೊಸ ಮದ್ದಿನ ಪುಡಿಯನ್ನು ಇಲ್ಲಿಗೆ ಕಳಿಸುತ್ತವೆ. ಆ ಹೊತ್ತಿಗೆ ಮದ್ದಿಗೆ ಹೆಸರು ಕೂಡ ಇರುವುದಿಲ್ಲ, ಬರೀ ಒಂದು ನಂಬರು. ಕೆಲವು ಇಲಿಗಳಿಗೆ ಅದನ್ನು ಕಡಿಮೆ ಪ್ರಮಾಣದಲ್ಲಿ, ಕೆಲವಕ್ಕೆ ಹೆಚ್ಚು ಪ್ರಮಾಣದಲ್ಲಿ ಕೊಡುತ್ತೇವೆ. ಇನ್ನು ಕೆಲವಕ್ಕೆ ಮದ್ದೇ ಕೊಡುವುದಿಲ್ಲ, ಹೋಲಿಸಿ ನೋಡಲು ಸುಮ್ಮನೆ ಇಟ್ಟುಕೊಳ್ಳುತ್ತೇವೆ. ಎಲ್ಲದರ ಉಚ್ಚೆ, ರಕ್ತ ನನ್ನ ಯಂತ್ರಕ್ಕೆ ಬರುತ್ತದೆ.

ಮೈ ಎಂದರೆ ದಿನವಿಡೀ ಉರಿಯುವ ಒಲೆ. ತಿಂದದ್ದನ್ನು ಮುರಿಯುತ್ತದೆ, ಬೇಕಾದ್ದನ್ನು ಕಟ್ಟುತ್ತದೆ, ಬೇಡದ್ದನ್ನು ಹೊರಗೆ ಹಾಕುತ್ತದೆ. ಪುಸ್ತಕದಲ್ಲಿ ಇದಕ್ಕೆ ಚಯಾಪಚಯ ಎನ್ನುತ್ತಾರೆ. ಈ ಕೆಲಸದಲ್ಲಿ ಹುಟ್ಟುವ ಸಣ್ಣ ಸಣ್ಣ ಪದಾರ್ಥಗಳು ಸಾವಿರಾರು. ನನ್ನ ಯಂತ್ರ ಅವುಗಳಲ್ಲಿ ಯಾವುದು ಎಷ್ಟಿದೆ ಎಂದು ಒಟ್ಟಿಗೇ ಅಳೆದು ಕೊಡುತ್ತದೆ. ಅನ್ನ ತಳ ಹಿಡಿದು ಪಾತ್ರೆ ಕಪ್ಪಾಗುವುದಕ್ಕಿಂತ ಎಷ್ಟೋ ಮೊದಲು ಒಂದು ಸಣ್ಣ ವಾಸನೆ ಬರುತ್ತದಲ್ಲ? ಆಸ್ಪತ್ರೆಯಲ್ಲಿ ಮಾಡುವ ಎಸ್‌ಜಿಪಿಟಿ ಪರೀಕ್ಷೆ ಪಾತ್ರೆಯ ತಳ ನೋಡುತ್ತದೆ. ಲಿವರಿನ ಜೀವಕೋಶ ಒಡೆದ ಮೇಲೆ ಅದು ಏರುತ್ತದೆ. ನಾನು ಕಾಯುವುದು ವಾಸನೆಗೆ.

ಪರದೆಯ ಮೇಲೆ ಒಂದೊಂದು ಇಲಿಯೂ ಒಂದೊಂದು ಚುಕ್ಕಿ. ಒಳಗೆ ಎಲ್ಲ ಸರಿ ಇರುವ ಚುಕ್ಕಿಗಳು ಬಯಲಲ್ಲಿ ಮೇಯುವ ದನಗಳ ಹಾಗೆ ಒಟ್ಟೊಟ್ಟಿಗೆ ಇರುತ್ತವೆ. ಏನಾದರೂ ಕೆಡಲು ಶುರುವಾದರೆ ಒಂದು ಚುಕ್ಕಿ ಹಿಂಡಿನಿಂದ ಸ್ವಲ್ಪ ದೂರ ಸರಿಯುತ್ತದೆ. ಮಾರನೆ ವಾರ ಇನ್ನೂ ಸ್ವಲ್ಪ. ಇಲಿ ಮಾತ್ರ ಪಂಜರದಲ್ಲಿ ಚೆನ್ನಾಗಿ ತಿಂದುಕೊಂಡು, ಮೀಸೆ ಒರೆಸಿಕೊಂಡು ಆರಾಮಾಗಿ ಇರುತ್ತದೆ.

ಯಂತ್ರಕ್ಕೆ ಸದಾ ತಂಪು ಬೇಕು. ಹೊರಗೆ ಸೆಖೆಗೆ ಜನ ಸೀರೆ ಸೆರಗಿನಿಂದ ಗಾಳಿ ಹಾಕಿಕೊಳ್ಳುವಾಗ ನಾನು ಸ್ವೆಟರ್ ತೊಟ್ಟು ಒಬ್ಬಳೇ ಕೂತಿರುತ್ತೇನೆ. ಗಾಳಿಯಿಂದ ಸಾರಜನಕ ತೆಗೆಯುವ ಪೆಟ್ಟಿಗೆ ಒಂದೇ ಸಮನೆ ಗುಂಯ್‌ಗುಟ್ಟುತ್ತದೆ. ಊಟಕ್ಕೆ ಉಳಿದವರೆಲ್ಲ ಹೆದ್ದಾರಿ ಬದಿಯ ಹೋಟೆಲಿಗೆ ಒಟ್ಟಿಗೆ ಹೋಗುತ್ತಾರೆ. ಯಂತ್ರ ಓಡುವಾಗ ನಾನು ಬಿಟ್ಟು ಹೋಗುವಂತಿಲ್ಲ. ಮೊದಮೊದಲು ಕರೆಯುತ್ತಿದ್ದರು. ಎಷ್ಟು ಸಲ ಅಂತ ಕರೆದಾರು? ಬುತ್ತಿಯ ಮುಚ್ಚಳ ತೆಗೆದ ಸದ್ದೂ ಆ ಕೋಣೆಯಲ್ಲಿ ದೊಡ್ಡದಾಗಿ ಕೇಳುತ್ತದೆ.

ಈ ಕೆಲಸವನ್ನೇ ಯಾಕೆ ಹಿಡಿದೆ ಎಂದರೆ ಅದಕ್ಕೆ ಕಾರಣ ಅಪ್ಪಯ್ಯನ ಕಣ್ಣು. ಅವರು ಮುಂಬೈಯ ಒಂದು ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದವರು. ನಾನು ಹೈಸ್ಕೂಲಿನಲ್ಲಿದ್ದಾಗ ಕ್ಷಯ ಹಿಡಿಸಿಕೊಂಡು ಊರಿಗೆ ಬಂದರು. ಮಾತ್ರೆ ಶುರುವಾಯಿತು, ಕೆಮ್ಮು ಇಳಿಯಿತು. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಆಮೇಲೊಂದು ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ಅವರು ನನ್ನತ್ತ ತಿರುಗಿದಾಗ ಕಣ್ಣಿನ ಬಿಳಿ ಭಾಗ ಹಳದಿಯಾಗಿತ್ತು. ಕುಂದಾಪುರದ ಡಾಕ್ಟರು, ಮಾತ್ರೆ ಲಿವರಿಗೆ ಹೊಡೆದಿದೆ ಎಂದು ಅದನ್ನು ನಿಲ್ಲಿಸಿ, ಲಿವರ್ ಸುಧಾರಿಸಿದ ಮೇಲೆ ಬದಲಾಯಿಸಿ ಕೊಟ್ಟರು. ಕ್ಷಯ ಪೂರ್ತಿ ವಾಸಿಯಾಯಿತು. ಆ ಮದ್ದಿಲ್ಲದಿದ್ದರೆ ಅವರು ಉಳಿಯುತ್ತಲೇ ಇರಲಿಲ್ಲ, ಅದನ್ನೂ ಹೇಳಬೇಕು. ಅಪ್ಪಯ್ಯ ಎಷ್ಟೋ ವರ್ಷದ ಮೇಲೆ ಬೇರೆ ಕಾರಣಕ್ಕೆ ತೀರಿಕೊಂಡರು. ಆದರೆ ಕಣ್ಣು ಹಳದಿಯಾಗುವ ತನಕ ಒಳಗೆ ನಡೆದದ್ದು ನಮಗೆ ಯಾರಿಗೂ ಗೊತ್ತಾಗಲಿಲ್ಲವಲ್ಲ ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಹೀಗಿರುವಾಗ ಒಂದು ಮಳೆಗಾಲದ ಕೊನೆಗೆ ಲ್ಯಾಬಿಗೆ ಗಂಟುನೋವಿನ ಹೊಸ ಮದ್ದು ಬಂತು. ಆ ಭಾನುವಾರ ಮನೆಗೆ ಹೋದಾಗ ಅಮ್ಮ ಅಮಾಸೆಬೈಲಿನಿಂದ ತರಿಸಿದ ಎಣ್ಣೆ ಹಚ್ಚಿಕೊಂಡು ಕಾಲು ನೀಡಿ ಕೂತಿದ್ದಳು. ಮನೆಯೆಲ್ಲ ಅದೇ ವಾಸನೆ.

"ಈ ಸಲ ನಮ್ಮಲ್ಲಿಗೆ ಮಂಡಿನೋವಿನ ಮದ್ದೇ ಬಂದಿತ್ತ್ ಅಮ್ಮ, ಪರೀಕ್ಷೆಗೆ" ಅಂದೆ.

ಅಮ್ಮ ತಿಕ್ಕುವುದನ್ನು ನಿಲ್ಲಿಸಿ, "ನೀನೇ ಮಾಡೂದಾ?" ಎಂದು ಕೇಳಿದಳು.

"ಮಾಡೂದಲ್ಲ. ಒಳ್ಳೇದಾ ಅಲ್ದಾ ಕಾಂಬುದ್."

"ಅದೇ ಅಲ್ದಾ ಮಾಡೂದ್ ಅಂದ್ರೆ?"

ನನ್ನ ಹತ್ತು ವರ್ಷದ ಕೆಲಸದ ಬಗ್ಗೆ ಅಮ್ಮ ಕಣ್ಣರಳಿಸಿ ಪ್ರಶ್ನೆ ಕೇಳಿದ್ದು ಅದೇ ಮೊದಲು. ನಾನು ಹಿಗ್ಗಿದೆ, ಸುಳ್ಳೇಕೆ ಹೇಳಲಿ? ಮದ್ದು ಪೇಟೆಗೆ ಬರಲು ತುಂಬ ವರ್ಷ ಬೇಕು, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎಂದೆಲ್ಲ ಹೇಳಿದೆ. ಅದು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಮುಂದಿನ ಸಲ ಹೋಗುವಷ್ಟರಲ್ಲಿ ಇಡೀ ಬೀಜದ ಕಾರ್ಖಾನೆಗೆ ಸುದ್ದಿ ಹಬ್ಬಿತ್ತು. ಅಲ್ಲಿ ಕೂತು ಕೆಲಸ ಮಾಡುವ ಹೆಂಗಸರಲ್ಲಿ ಮಂಡಿ ಸರಿ ಇರುವವರು ಯಾರಿದ್ದಾರೆ? ಅಮ್ಮನ ಪಕ್ಕ ಕೂರುವ, ನಮ್ಮ ಆಚೆ ಮನೆಯ ಅಕ್ಕ ಅಂಗಳದಿಂದಲೇ ಕೂಗಿದರು, "ಹ್ವಾಯ್, ನಿನ್ನ ಮದ್ದ್ ಎಂದ್ ಬತ್ತೇ? ನಂಗ್ ಎರಡೂ ಕಾಲಿಗೆ ಬೇಕ್, ಈಗ್ಲೇ ಹೇಳಿಟ್ಟಿದೆ!"

ಆ ಮದ್ದಿನ ಇಲಿಗಳ ಚುಕ್ಕಿಗಳು ಎರಡನೆಯ ವಾರ ಅಲುಗಿದವು. ಹೆಚ್ಚು ಪ್ರಮಾಣ ಕೊಟ್ಟ ಇಲಿಗಳು ಹಿಂಡಿನಿಂದ ಒಂದೇ ದಿಕ್ಕಿಗೆ, ಎಡಕ್ಕೆ, ಸ್ವಲ್ಪವೇ ಸರಿದಿದ್ದವು. ಯಾಕೆಂದು ಬಿಡಿಸಿ ನೋಡಿದರೆ ರಕ್ತದಲ್ಲಿ ಪಿತ್ತದ ಆಮ್ಲಗಳು ಏರುತ್ತಿದ್ದವು. ವಿಷ ತಡೆಯಲು ಲಿವರ್ ಕೂಡಿಟ್ಟುಕೊಳ್ಳುವ ಸರಕು ಖರ್ಚಾಗುತ್ತಿರುವ ಗುರುತೂ ಉಚ್ಚೆಯಲ್ಲಿತ್ತು. ಎಸ್‌ಜಿಪಿಟಿ ಮಾತ್ರ ನಾರ್ಮಲ್, ತೂಕ ನಾರ್ಮಲ್, ಮೈಮೇಲಿನ ಕೂದಲು ಕೂಡ ಹೊಳೆಯುತ್ತಿತ್ತು. ಇನ್ನೊಂದು ಸಲ ಓಡಿಸಿದೆ, ಅದೇ ಬಂತು. ಯಂತ್ರದ ತಪ್ಪಾಗಿರಲಿ ಎಂದು ನಾನು ಹಾರೈಸಿದ್ದು ಆ ಒಂದು ಸಲ ಮಾತ್ರ.

ನಮ್ಮ ಸರ್ ಶಹರದ ಕಂಪನಿಯಲ್ಲಿ ದುಡಿದು, ಊರ ಕಡೆ ಏನಾದರೂ ಮಾಡಬೇಕೆಂದು ಬಂದು ಈ ಲ್ಯಾಬ್ ಕಟ್ಟಿದವರು. ಅವರು ಕನ್ನಡಕ ಏರಿಸಿ ನೋಡಿ, "ಇನ್ನೆರಡು ವಾರ ನೋಡುವ. ಇಷ್ಟಕ್ಕೇ ಕೂಗಿದರೆ ಯಾರೂ ನಂಬುವುದಿಲ್ಲ" ಎಂದರು.

ಅಷ್ಟರಲ್ಲಿ ದೀಪಾವಳಿ ಬಂತು. ಹಬ್ಬಕ್ಕೆ ಎಲ್ಲರಿಗೂ ರಜೆ. ಇಲಿಗಳಿಗೆ ರಜೆ ಇಲ್ಲವಾದ್ದರಿಂದ ಇಲಿಮನೆ ನೋಡಿಕೊಳ್ಳುವ ಅಣ್ಣಯ್ಯ ಒಬ್ಬರೇ ಬಂದು ಮದ್ದು ಕುಡಿಸಿ, ಉಚ್ಚೆ ಹಿಡಿದಿಟ್ಟು ಹೋಗಿದ್ದರು. ಅವರು ಬೈಂದೂರು ಕಡೆಯವರು. ನನಗಿಂತ ತುಂಬ ದೊಡ್ಡವರು, ದಿನಾ ಬೆಳಗಿನ ಬಸ್ಸಿಗೆ ಬರುವವರು.

ಹಬ್ಬ ಮುಗಿಸಿ ಬಂದು ಯಂತ್ರ ಓಡಿಸಿದೆ. ಚುಕ್ಕಿಗಳೆಲ್ಲ ಒಟ್ಟಿಗೇ ಮೇಲಕ್ಕೆ ಹಾರಿದ್ದವು. ಮದ್ದು ತಿಂದವು, ತಿನ್ನದವು, ಎಲ್ಲವೂ. ಹಿಂಡೇ ಎದ್ದು ಹೋದ ಹಾಗೆ.

ಕಂಪನಿಯವರ ಜೊತೆ ವೀಡಿಯೋ ಕಾಲ್ ಇತ್ತು. ಅವರು ಇಂಗ್ಲಿಷಿನಲ್ಲಿ ನಯವಾಗಿಯೇ ಹೇಳಿದರು: ಮದ್ದು ತಿನ್ನದ ಇಲಿಗಳೂ ಹೀಗೆ ಹಾರಿದ್ದರೆ ನಿಮ್ಮ ಮಾದರಿಗಳಲ್ಲೇ ಏನೋ ಬೆರೆತಿದೆ. ಉಚ್ಚೆಯ ಭಾಗವನ್ನು ಪೂರ್ತಿ ಬಿಟ್ಟುಬಿಡಿ. ರಕ್ತದ ಪರೀಕ್ಷೆಗಳು ಚೆನ್ನಾಗಿವೆ, ಅಷ್ಟರ ಮೇಲೆ ವರದಿ ಕೊಡಿ, ನಾವು ಮುಂದಿನ ಹಂತಕ್ಕೆ ಹೋಗುತ್ತೇವೆ. ಮುಂದಿನ ಹಂತ ಎಂದರೆ ದೊಡ್ಡ ಪ್ರಾಣಿಗಳು, ಆಮೇಲೆ ಮನುಷ್ಯರು.

"ಪಿತ್ತದ ಆಮ್ಲ ರಕ್ತದಲ್ಲೂ ಏರಿದೆ" ಎಂದೆ.

"ಅದೇ ಯಂತ್ರ, ಅದೇ ಲ್ಯಾಬ್ ಅಲ್ಲವೇ?" ಎಂದರು. ಕಾಲ್ ಮುಗಿಯಿತು. ಪರದೆಯಲ್ಲಿ ನನ್ನದೇ ಮುಖ ಉಳಿಯಿತು, ಸ್ವೆಟರ್ ಸಮೇತ.

ಆ ದಿನಗಳಷ್ಟು ಒಂಟಿಯಾಗಿ ನಾನು ಹಾಸ್ಟೆಲಿನ ಮೊದಲ ವಾರದಲ್ಲೂ ಇರಲಿಲ್ಲ. ಒಳಗೆ ಏನೋ ಕೆಡುತ್ತಿದೆ ಎಂದು ಈ ಲೋಕದಲ್ಲಿ ಗೊತ್ತಿರುವುದು ನನಗೊಬ್ಬಳಿಗೇ. ಆ ನನಗೇ ಅನುಮಾನ, ನನ್ನ ಕೈಯಿಂದಲೇ ಏನಾದರೂ ಬೆರೆಯಿತೋ ಎಂದು. ಬಾಡಿಗೆ ಕೋಣೆಗೆ ಹೋದರೆ ಮನೆಯ ಯಜಮಾನಿ, "ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಆಯ್ತು ಎನ್ನುತ್ತಿದ್ದೆ. ಇಡೀ ದಿನದಲ್ಲಿ ನನಗೆ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ.

ಮೇಲಕ್ಕೆ ಹಾರಿಸಿದ ಪದಾರ್ಥ ಯಾವುದೆಂದು ಹುಡುಕುತ್ತ ಕೂತೆ. ಒಂದಿಷ್ಟು ಸಕ್ಕರೆಯ ಜಾತಿಯವು. ಮತ್ತೊಂದಿಷ್ಟು, ಇಲಿಯ ಉಚ್ಚೆಯಲ್ಲಿ ನಾನು ಎಂದೂ ಕಾಣದವು. ಪುಸ್ತಕ ತಿರುವಿ, ಹಳೆಯ ಲೇಖನಗಳನ್ನು ಹುಡುಕಿ, ಕೊನೆಗೆ ಗುರುತು ಸಿಕ್ಕಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಳೆಹಣ್ಣು ತಿಂದವರ ಉಚ್ಚೆಯಲ್ಲಿ ಬರುವ ಪದಾರ್ಥಗಳು ಅವು.

ನೆಟ್ಟಗೆ ಇಲಿಮನೆಗೆ ಹೋದೆ. ಅಣ್ಣಯ್ಯ ಪಂಜರದ ತಟ್ಟೆ ತೊಳೆಯುತ್ತಿದ್ದರು.

"ಅಣ್ಣಯ್ಯ, ಹಬ್ಬದ ದಿನ ಇವಕ್ಕ್ ಎಂತಾರೂ ತಿಂಬುಕೆ ಕೊಟ್ರ್ಯಾ?"

"ದಿನಾ ಕೊಡೂ ಉಂಡಿ ಕೊಟ್ಟಿದೆ ಮೇಡಂ."

"ಅದ್ ಬಿಟ್ಟ್?"

ಅವರು ನಲ್ಲಿ ನಿಲ್ಲಿಸಿದರು. "ಗೋಪೂಜೆ ಅಲ್ದಾ ಮೇಡಂ ಅವತ್ತ್? ಒಂಚೂರ್ ಅವಲಕ್ಕಿ ಬೆಲ್ಲ, ಒಂದೊಂದ್ ತುಂಡ್ ಬಾಳೆಹಣ್ಣ್. ಎಲ್ಲದಕ್ಕೂ ಸಮಾ ಕೊಟ್ಟಿದೆ ಕಾಣಿ. ಒಂದಕ್ಕ್ ಕೊಟ್ಟ್ ಒಂದಕ್ಕ್ ಬಿಟ್ಟ್ ಮಾಡ್ಲಿಲ್ಲೆ."

"ಇವ್ ಇಲಿ ಅಣ್ಣಯ್ಯ! ದನ ಅಲ್ಲ!"

"ಇಲಿ ಅಂದ್ಹೇಳಿ ನಂಗೂ ಗೊತ್ತಿತ್ತ್ ಮೇಡಂ. ನಾ ಅಷ್ಟ್ ಕುರುಡ ಅಲ್ಲ."

ನನಗೆ ಸಿಟ್ಟು ನೆತ್ತಿಗೇರಿತ್ತು. "ಕುಂಕುಮ ಒಂದ್ ಹಚ್ಲಿಲ್ಯಾ?"

"ಬಿಳಿ ಮೈ ಅಲ್ದಾ? ನಿಮ್ಗ್ ಗೊತ್ತಾತ್ತ್ ಅಂದ್ಹೇಳಿ ಬಿಟ್ಟೆ."

ಅಂದರೆ ಕೊಡಬಾರದು ಎಂದು ಅವರಿಗೆ ಗೊತ್ತೇ ಇತ್ತು. ಒರೆಸುವ ಬಟ್ಟೆಯನ್ನು ಹಿಂಡುತ್ತ, ನನ್ನ ಮುಖ ನೋಡದೆ ಮಾತಾಡಿದರು. ಅವರ ಮನೆಯಲ್ಲಿ ದನಗಳನ್ನು ಕೊಟ್ಟು ಕೆಲವು ವರ್ಷಗಳಾಗಿದ್ದವಂತೆ. ಕೊಟ್ಟಿಗೆಯಲ್ಲಿ ಈಗ ಮಗನ ಬೈಕು. ಹೆಂಡತಿ ಅಭ್ಯಾಸಕ್ಕೆ ಹಬ್ಬದ ಬೆಳಿಗ್ಗೆ ಅವಲಕ್ಕಿ ಬೆಲ್ಲ ಕಲಸಿದಳಂತೆ. ಕಲಸಿದ ಮೇಲೆ ಯಾರಿಗೆ ತಿನ್ನಿಸುವುದೆಂದು ಇಬ್ಬರೂ ಸುಮ್ಮನೆ ನಿಂತರಂತೆ. ಇವರು ಅದನ್ನು ಬುತ್ತಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು.

"ದನ ಹಾಲ್ ಕೊಡತ್ತ್ ಅಂದ್ಹೇಳಿ ಅಲ್ದಾ ಅವತ್ತ್ ಕೈಯಾರೆ ತಿನ್ಸೂದ್? ಇವ್ ಜೀವವೇ ಕೊಡ್ತೊ. ಒಂದ್ ತುಂಡ್ ಬಾಳೆಹಣ್ಣ್ ಕೊಡುಕಾಗ್ದಾ?"

ಬೈಯಲೆಂದು ಹೋದವಳು ನಾನು. ಬೈದೆ ಕೂಡ. ಇಂಥ ಕೆಲಸದಲ್ಲಿ ಉಂಡೆಯ ಆಚೆ ಒಂದು ಅಕ್ಕಿಕಾಳೂ ಬೀಳಬಾರದು, ಅದು ಅವರಿಗೆ ಎಷ್ಟೋ ಸಲ ಹೇಳಿದ್ದ ನಿಯಮ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ವಾಪಸ್ಸು ಕೋಣೆಗೆ ಬಂದು ಕೂತ ಮೇಲೂ ಅವರ ಒಂದು ಮಾತು ಮಾತ್ರ ತಲೆಯಲ್ಲಿ ತಿರುಗುತ್ತಿತ್ತು: ಎಲ್ಲದಕ್ಕೂ ಸಮಾ.

ಎಲ್ಲಕ್ಕೂ ಸಮನಾಗಿ ಕೊಟ್ಟಿದ್ದರೆ ಎಲ್ಲವೂ ಸಮನಾಗಿ ಹಾರಬೇಕು, ಸಮನಾಗಿ ಇಳಿಯಬೇಕು. ಹಬ್ಬದ ನಂತರದ ಮಾದರಿಗಳನ್ನು ಸಾಲಾಗಿ ಹಾಕಿ ನೋಡಿದೆ. ಮೇಲಕ್ಕೆ ಹಾರಿದ ಹಿಂಡು ಬಾಳೆಹಣ್ಣು ಕರಗುತ್ತಿದ್ದಂತೆ ಇಳಿದು ತನ್ನ ಜಾಗಕ್ಕೆ ಬಂದಿತ್ತು. ಮದ್ದು ತಿಂದವು ಕೂಡ ಇಳಿದಿದ್ದವು. ಆದರೆ ಅವು ಇಳಿದದ್ದು ಮೊದಲಿನ ಜಾಗಕ್ಕಲ್ಲ, ಇನ್ನಷ್ಟು ಎಡಕ್ಕೆ. ಹಬ್ಬ ಎಳೆದದ್ದು ಒಂದು ದಿಕ್ಕಿಗೆ, ಮದ್ದು ಎಳೆಯುತ್ತಿದ್ದುದು ಇನ್ನೊಂದು ದಿಕ್ಕಿಗೆ. ಎರಡೂ ಬೇರೆ ಬೇರೆ ಎಂದು ಕಣ್ಣಿಗೆ ಕಾಣುವಷ್ಟು ಸ್ಪಷ್ಟ.

ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಾಳೆಹಣ್ಣಿನ ಕಥೆ ಬರೆದರೆ ಲ್ಯಾಬಿನ ಮರ್ಯಾದೆ ಹೋಗುತ್ತದೆ. ಬರೆಯದಿದ್ದರೆ ನಿನ್ನ ಎಚ್ಚರಿಕೆ ಕಸದ ಬುಟ್ಟಿಗೆ ಹೋಗುತ್ತದೆ. ಎಂತ ಮಾಡುವ, ನೀನೇ ಹೇಳು."

"ಬರೆಯುವ ಸರ್."

"ನಗಾಡುತ್ತಾರೆ."

"ಇಲಿಯ ಉಚ್ಚೆ ಅಂದ್ರೂ ನಗಾಡ್ತಾರೆ. ನಂಗೆ ಅಭ್ಯಾಸ ಇದೆ."

ಅವರೂ ನಕ್ಕರು. ಅಣ್ಣಯ್ಯನನ್ನು ಕರೆದು ಗಟ್ಟಿಯಾಗಿ ಬೈದರು, ಕೆಲಸದಿಂದ ತೆಗೆಯಲಿಲ್ಲ. ಗೋಪೂಜೆ ಎಂದರೆ ಏನು ಎಂದು ಇಂಗ್ಲಿಷಿನಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರೆದು ಓದಿದಾಗ ಮೈಯೆಲ್ಲ ಮುದುಡಿತು, ಆದರೂ ಒಂದು ಪದ ಬಿಡದೆ ಕಳಿಸಿದೆ.

ಕಂಪನಿಯವರು ನಕ್ಕರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರು ಒಂದು ಮಾತಿಗೆ ಒಪ್ಪಿದರು: ಹೊಸ ಇಲಿಗಳು, ಹೊಸದಾಗಿ ಶುರು, ಈ ಸಲ ಹೆಚ್ಚು ದಿನ. ಮತ್ತೆ ಸ್ವೆಟರ್, ಮತ್ತೆ ಗುಂಯ್‌ಗುಟ್ಟುವ ಪೆಟ್ಟಿಗೆ. ಹಬ್ಬವಿಲ್ಲದ ದಿನಗಳವು. ಚುಕ್ಕಿಗಳು ಮತ್ತೆ ಎಡಕ್ಕೆ ನಡೆದವು. ಎಸ್‌ಜಿಪಿಟಿ ಹಟ ಹಿಡಿದವರಂತೆ ನಾರ್ಮಲ್ಲಾಗಿಯೇ ಇತ್ತು. ವಾರಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅದೂ ಏರಿತು. ಸೂಕ್ಷ್ಮದರ್ಶಕದಲ್ಲಿ ಲಿವರಿನ ತೆಳು ತುಂಡು ನೋಡಿದ ಸರ್, ನನ್ನನ್ನು ಕರೆದು, ಕುರ್ಚಿ ಬಿಟ್ಟು ಎದ್ದು, "ಕೂತು ನೋಡು" ಎಂದರು. ಅಷ್ಟೇ. ಆದರೆ ಅವರು ಕುರ್ಚಿ ಬಿಟ್ಟು ಎದ್ದದ್ದನ್ನು ನಾನು ಮರೆಯುವುದಿಲ್ಲ.

ಕಂಪನಿಯಿಂದ ಎರಡು ಸಾಲಿನ ಮೇಲ್ ಬಂತು. ಈ ಮದ್ದಿನ ಕೆಲಸ ಇಲ್ಲಿಗೆ ನಿಲ್ಲಿಸಿದ್ದೇವೆ, ಧನ್ಯವಾದ. ಅಣ್ಣಯ್ಯ ಇಲಿಮನೆಯ ಆ ಸಾಲನ್ನು ಫಿನಾಯಿಲ್ ಹಾಕಿ ತೊಳೆದರು. ಊಟಕ್ಕೆ ಹೋದವರು ಊಟ ಮಾಡಿ ಬಂದರು.

ನನ್ನ ಕೆಲಸ ಸರಿಯಾಗಿ ನಡೆದರೆ ಕೊನೆಗೆ ಏನೂ ಆಗುವುದಿಲ್ಲ. ಅದನ್ನು ಆ ದಿನ ಪೂರ್ತಿ ತಿಳಿದುಕೊಂಡೆ. ಎಲ್ಲೋ ಒಬ್ಬರ ಕಣ್ಣು ಹಳದಿಯಾಗುವುದಿಲ್ಲ, ಯಾಕೆ ಆಗಲಿಲ್ಲ ಎಂದು ಅವರಿಗೆ ಗೊತ್ತಾಗುವುದಿಲ್ಲ, ಅವರು ಯಾರೆಂದು ನನಗೂ ಗೊತ್ತಾಗುವುದಿಲ್ಲ. ಮುಂದಿನ ಯಾವುದೋ ಹಂತದಲ್ಲಿ ಬೇರೆ ಯಾರಾದರೂ ಹಿಡಿಯುತ್ತಿದ್ದರೋ ಏನೋ. ಹಿಡಿಯದೆಯೂ ಇರುತ್ತಿದ್ದರೋ ಏನೋ. ಇದನ್ನು ಯಾರಿಗಾದರೂ ಹೇಳಬೇಕೆಂದು ಫೋನ್ ತೆಗೆದೆ. ಹೆಸರುಗಳನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ ಫೋನನ್ನು ಬ್ಯಾಗಿಗೆ ಹಾಕಿಕೊಂಡೆ.

ಭಾನುವಾರ ಮನೆಗೆ ಹೋದೆ. ಅಮ್ಮ ಮಣೆಯ ಮೇಲೆ ಕೂತು ಬಂಗುಡೆ ಕೊಯ್ಯುತ್ತಿದ್ದಳು. ನಾನು ಬಂದೆನೆಂದು ತರಿಸಿದ್ದು.

"ಅಮ್ಮ, ಆ ಮದ್ದ್ ಬತ್ತಿಲ್ಲೆ."

"ಯಾವ ಮದ್ದ್?" ಎಂದಳು. ಕೈ ಮಾತ್ರ ನಿಂತಿತ್ತು.

"ಮಂಡಿನೋವಿಂದ್. ನಿಲ್ಸಿದ್ರ್."

"ಯಾರ್ ನಿಲ್ಸ್ದ್?"

"ನಾನೇ ಅಂತ ಇಟ್ಕೋ. ಅದ್ ಲಿವರ್ ಹಾಳ್ ಮಾಡತ್ತ್, ನಂಗ್ ಮೊದಲೇ ಕಂಡ್ತ್."

ಅಮ್ಮ ಕೊಯ್ದ ತುಂಡನ್ನು ಪಾತ್ರೆಗೆ ಹಾಕಿದಳು. ಆಮೇಲೆ ಮೆಲ್ಲಗೆ, "ನಿಮ್ಮ ಅಪ್ಪಯ್ಯನ ಕಣ್ಣ್ ಆಯಿತ್ತಲೆ, ಹಾಂಗ್ ಆತಿತ್ತಾ?"

"ಆತಿತ್ತ್."

"ಹಾಂಗಾರೆ ಬ್ಯಾಡ" ಅಂದಳು. ಕತ್ತಿ ಮತ್ತೆ ಓಡಿತು. ಸ್ವಲ್ಪ ಹೊತ್ತಾದ ಮೇಲೆ, ಏಳಲು ಗೋಡೆ ಹಿಡಿದುಕೊಂಡು, "ಕಾರ್ಖಾನೆಯವ್ಕೆಲ್ಲ ಎಂತ ಹೇಳೂದೋ ಈಗ" ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಎಬ್ಬಿಸಲು ಕೈ ಕೊಟ್ಟೆ. ಅವಳ ಕೈಯೆಲ್ಲ ಮೀನು, ಹಾಗಾಗಿ ಮೊಣಕೈಯಿಂದ ನನ್ನನ್ನು ತಳ್ಳಿ ತಾನೇ ಎದ್ದಳು.

ಸೋಮವಾರ ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿಗೆ ಕಾದು ನಿಂತೆವು, ಅವಳು ಕಾರ್ಖಾನೆಗೆ, ನಾನು ಬ್ರಹ್ಮಾವರಕ್ಕೆ. ಆಚೆ ಮನೆಯ ಅಕ್ಕನೂ ಬಂದರು. ಬಂದವರೇ ಕೇಳಿದರು, "ಎಂತಾಯ್ತೇ ಮದ್ದ್? ಚಳಿ ಹಿಡಿದ ಮೇಲೆ ಕಾಲ್ ನೆಲಕ್ಕ್ ಇಡುಕ್ ಎಡಿತಿಲ್ಲೆ ಮಾರಾಯ್ತಿ."

ನಾನು ಬಾಯಿ ತೆಗೆಯುವುದರೊಳಗೆ ಅಮ್ಮ ಹೇಳಿದಳು, "ಅದ್ ಆತ್ತಿಲ್ಲೆ ಅಂಬ್ರ್. ಒಳ್ಗ್ ಹಾಳ್ ಮಾಡತ್ತ್ ಅಂಬ್ರ್."

"ಯಾರಾ ಹೇಳ್ದ್?"

ಅಮ್ಮ ನನ್ನ ಕಡೆ ನೋಡಲಿಲ್ಲ. "ಡಾಕ್ಟ್ರ್. ದೊಡ್ಡ ಡಾಕ್ಟ್ರ್, ಬೆಂಗ್ಳೂರ್ ಬದಿಯವ್ರ್."

"ಆ ಡಾಕ್ಟ್ರಿಗೆ ಮಂಡಿ ನೋವ್ ಇಲ್ಲೆ ಕಾಂತ್! ಬಂದ್ ಒಂದಿನ ನಮ್ಮ ಜೊತಿ ಕೂಕಂಡ್ ಸಿಪ್ಪೆ ತೆಗೀಲಿ, ಗೊತ್ತಾತ್ತ್" ಎಂದು ಅಕ್ಕ ಬಸ್ಸು ಬರುವ ತನಕ ಆ ಡಾಕ್ಟರಿಗೆ ಶಾಪ ಹಾಕಿದರು. ಅಮ್ಮ ಹ್ಞೂಂ, ಹ್ಞೂಂ ಎನ್ನುತ್ತಿದ್ದಳು. ನಾನು ರಸ್ತೆ ನೋಡುತ್ತ ನಿಂತೆ. ಶಾಪ ತನ್ನ ಮಗಳಿಗೆ ತಾಗದಿರಲಿ ಎಂದು ಅವಳು ಇಲ್ಲದ ಒಬ್ಬ ಡಾಕ್ಟರನ್ನು ಹುಟ್ಟಿಸಿದ್ದಳು. ನಾನು ಮಾಡಿದ ಕೆಲಸವೂ ಅವನ ಜೊತೆಗೇ ಹೋಯಿತು.

ಬಸ್ಸಿನಲ್ಲಿ ಅವರಿಬ್ಬರಿಗೆ ಸೀಟು ಸಿಕ್ಕಿತು, ನಾನು ಹಿಂದೆ ನಿಂತೆ. ಕುಂದಾಪುರದಲ್ಲಿ ಇಳಿಯುವಾಗ ಅಮ್ಮ ಸರಳು ಹಿಡಿದು ಮೊದಲು ಎಡಗಾಲು ಇಟ್ಟಳು, ಅದರ ಪಕ್ಕಕ್ಕೇ ಬಲಗಾಲು ತಂದಳು, ಮತ್ತೆ ಎಡಗಾಲು. ಕಂಡಕ್ಟರ್, "ಬೇಗ ಇಳಿನಿ ಅಮ್ಮಾ, ಟೈಮ್ ಇಲ್ಲೆ" ಎಂದು ಬಾಗಿಲು ಬಡಿದ. ಮಂಡಿಯ ನೋವು ಎಲ್ಲರ ಕಣ್ಣಿಗೂ ಕಾಣುತ್ತದೆ.

ನೆಲಕ್ಕೆ ಇಳಿದವಳು ಕಿಟಕಿಯ ಕೆಳಗೆ ಬಂದು ನಿಂತು, ನಾನು ಎಲ್ಲಿದ್ದೇನೆಂದು ಹುಡುಕಿ, ಬಸ್ಸು ಹೊರಡುವ ಸದ್ದಿಗಿಂತ ಜೋರಾಗಿ ಕೂಗಿದಳು.

"ಹೆಣ್ಣೇ, ಆ ಕೋಣೆಯಗ್ ಸ್ವೆಟ್ರ್ ಹಾಕ್ಕೋ!"